ಗೇಟಿನ ಬಳಿ ಕೂತ ನಾಯಿ: ದಕ್ಷಿಣ ಕೊಡಗಿನ ಒಂದು ತೋಟದ ಮನೆಯ ಪ್ರಕರಣ

ಹಿನ್ನೆಲೆ

ಮನೆ ಇರುವುದು ಕಾಫಿ ತೋಟದ ನಡುವೆ. ಡಾಂಬರು ರಸ್ತೆಯಿಂದ ಒಳಗೆ ತಿರುಗಿದರೆ 1.8 ಕಿ.ಮೀ. ಮಣ್ಣಿನ ದಾರಿ. ತಿರುವು ದಾಟಿ ಸ್ವಲ್ಪ ದೂರಕ್ಕೇ ಕಡಿದಾದ ಏರು. ಏರಿನಿಂದ ದಾರಿ ಗದ್ದೆ ಬಯಲನ್ನು ಬಳಸಿಕೊಂಡು, ಒಂದು ಮೋರಿ ದಾಟಿ ಗೇಟಿಗೆ ಬರುತ್ತದೆ. ಏರಿನಿಂದ ಗೇಟಿಗೆ ದಾರಿಯಲ್ಲಿ 1.4 ಕಿ.ಮೀ. ಇದ್ದರೂ ಗದ್ದೆಯ ಮೇಲೆ ನೇರ ಅಳೆದರೆ 500 ಮೀಟರ್ ಅಷ್ಟೆ. ಈ ಎರಡು ಅಂಕಿ ಮುಂದೆ ಬೇಕಾಗುತ್ತವೆ.

ಮನೆಯಲ್ಲಿ ಇಬ್ಬರೇ. ಯಜಮಾನರಿಗೆ ಎಪ್ಪತ್ತರ ಹತ್ತಿರ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಾರೆ. ಅವರ ಹೆಂಡತಿಯನ್ನು ತೋಟದವರೆಲ್ಲ ಕರೆಯುವಂತೆ ಇಲ್ಲೂ ಅಮ್ಮ ಎನ್ನೋಣ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಆರು ವರ್ಷದ ಹೆಣ್ಣು ನಾಯಿಯೊಂದಿದೆ, ತಾಯಿ ನಾಟಿ, ತಂದೆ ಪಕ್ಕದ ತೋಟದ ಲ್ಯಾಬ್ರಡಾರ್. ಅದರ ಹೆಸರು ಬದಲಿಸಿ ಜೂಲಿ ಎಂದಿಟ್ಟಿದೆ. ಊರು, ಮನೆತನ ಬರೆದಿಲ್ಲ.

ಯಜಮಾನರು ವಾರಕ್ಕೆ ಮೂರು ನಾಲ್ಕು ದಿನ ಹಳೆಯ ಜೀಪಿನಲ್ಲಿ ಪೇಟೆಗೆ ಹೋಗುತ್ತಾರೆ. ಅವರು ಪೇಟೆ ಬಿಟ್ಟ ಕೂಡಲೇ ಜೂಲಿಗೆ ಗೊತ್ತಾಗುತ್ತದೆ, ಎದ್ದು ಹೋಗಿ ಗೇಟಿನ ಬಳಿ ಕೂರುತ್ತದೆ, ಇಪ್ಪತ್ತೈದು ನಿಮಿಷಕ್ಕೆ ಜೀಪು ಬರುತ್ತದೆ. ಇದು ಮನೆಯವರ ಮಾತು, ಲೈನ್ ಮನೆಗಳಲ್ಲಿರುವ ತೋಟದ ಆಳುಗಳ ಮಾತೂ ಹೌದು. ಸುತ್ತಮುತ್ತ ಇಂಥ ನಾಯಿಯ ಕತೆ ಇಲ್ಲದ ಮನೆ ಕಡಿಮೆ. ಆದ್ದರಿಂದ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ, ಪ್ರಶ್ನಿಸುವ ಅಗತ್ಯವೂ ಬಿದ್ದಿರಲಿಲ್ಲ.

ಅಕ್ಟೋಬರಿನ ಒಂದು ಸಂಜೆ

ಅಂದು 5:10ಕ್ಕೆ ಜೂಲಿ ಗೇಟಿಗೆ ಹೋಯಿತು. ಆರಾದರೂ ಜೀಪಿಲ್ಲ. ಆರೂವರೆಗೆ ಪಕ್ಕದ ತೋಟದವರು ಗದ್ದೆ ಕಡೆಯಿಂದ ಬರುತ್ತಾ ಕೇಳಿದರೆ ಅಮ್ಮ, "ಬರ್ತಾ ಇದ್ದಾರೆ, ಜೂಲಿ ಗೇಟಲ್ಲೇ ಕೂತಿದೆಯಲ್ಲ" ಎಂದರು. ಏಳೂಕಾಲಿಗೂ ಅದೇ ಮಾತು.

ಆಗಿದ್ದು ಇಷ್ಟು. ಡಾಂಬರು ರಸ್ತೆಗೆ ಆನೆ ಹಿಂಡು ಇಳಿದಿತ್ತು. ಯಜಮಾನರು ಜೀಪು ಹಿಂದಕ್ಕೆ ತೆಗೆದು, ನೆಟ್‌ವರ್ಕ್ ಇಲ್ಲದ ಒಂದು ತಿರುವಿನಲ್ಲಿ ಎಂಜಿನ್ ನಿಲ್ಲಿಸಿ ಕಾದರು. ಮಧ್ಯಾಹ್ನ ಊಟಕ್ಕೆ ಮೊದಲಿನ ಮಾತ್ರೆ ನುಂಗಿದ್ದರು, ಊಟ ಅರ್ಧಂಬರ್ಧ ಆಗಿತ್ತು. ಅವರದು ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆ. ಹೊಟ್ಟೆಗೆ ಬೀಳಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. 7:40ಕ್ಕೆ ಮೇಸ್ತ್ರಿ ಬೈಕಿನಲ್ಲಿ ಹುಡುಕಿಕೊಂಡು ಹೋದಾಗ ಯಜಮಾನರು ಬೆವತು, ಮಾತು ತೊದಲುತ್ತಾ ಸ್ಟಿಯರಿಂಗಿಗೆ ಒರಗಿದ್ದರು. ಮನೆಗೆ ತಂದು ನೋಡಿದರೆ ಸಕ್ಕರೆ 52. ಎಪ್ಪತ್ತಕ್ಕಿಂತ ಇಳಿದರೇ ಅಪಾಯದ ಗೆರೆ. ಗ್ಲೂಕೋಸ್ ಕುಡಿಸಿದ ಮೇಲೆ ಸರಿಹೋದರು.

ಎರಡೂವರೆ ಗಂಟೆ ಯಾರೂ ಹೊರಟಿರಲಿಲ್ಲ. ಕಾರಣ ನಾಯಿ. ಅಮ್ಮನ ಮಟ್ಟಿಗೆ ಅದು ಒಂದು ಸಾಕ್ಷಿ: ಅವರು ಹೊರಟಿದ್ದಾರೆ, ಚೆನ್ನಾಗಿದ್ದಾರೆ, ಹತ್ತಿರದಲ್ಲೇ ಇದ್ದಾರೆ. ಮರುದಿನ ಕತೆಗೆ ಇನ್ನೊಂದು ಸಾಲು ಸೇರಿತು: "ಅವತ್ತು ಜೂಲಿ ಬೆಳಿಗ್ಗೆಯಿಂದಲೇ ಅನ್ನ ಮುಟ್ಟಿರಲಿಲ್ಲ, ಅದಕ್ಕೆ ಮೊದಲೇ ಗೊತ್ತಿತ್ತು." ಅಡುಗೆಗೆ ನೆರವಾಗುವ ಹೆಂಗಸನ್ನು ಕೇಳಿದರೆ, ಅದು ಅನ್ನ ಬಿಟ್ಟದ್ದು ಹಿಂದಿನ ದಿನ, ಹಂದಿಯ ಮೂಳೆ ತಿಂದು ಹೊಟ್ಟೆ ಕೆಟ್ಟು. ಕೆಟ್ಟದ್ದು ನಡೆದ ಮೇಲೆ ಮನಸ್ಸು ಹಿಂದಕ್ಕೆ ಹೋಗಿ ಶಕುನ ಹೆಕ್ಕುತ್ತದೆ. ಅನ್ನ ಬಿಟ್ಟರೂ ಏನೂ ಆಗದ ದಿನಗಳು ಯಾರ ನೆನಪಿನಲ್ಲೂ ಇರುವುದಿಲ್ಲ.

ರೇಬೀಸ್ ಚುಚ್ಚುಮದ್ದು ಹಾಕಲು ಬಂದ ಪಶುವೈದ್ಯರ ಕಿವಿಗೆ ಇದು ಬಿತ್ತು. ನಾಯಿಗೆ ಆರನೇ ಇಂದ್ರಿಯ ಇದೆಯೇ ಎಂಬುದಕ್ಕಿಂತ, ಅದು ಗೇಟಿಗೆ ಹೋಗುವುದನ್ನು ನಂಬಿ ಕೂರಬಹುದೇ ಎಂಬುದು ಅವರ ಚಿಂತೆ. ದಿನದಿನದ ಲೆಕ್ಕ ಇಟ್ಟು ನೋಡೋಣ ಎಂದಾಗ ಅಮ್ಮ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: "ನೋಡಿ ಡಾಕ್ಟ್ರೇ, ಜೂಲಿ ಸುಳ್ಳು ಹೇಳುತ್ತೆ ಅಂತ ಮಾತ್ರ ಬರೀಬಾರದು."

ಲೆಕ್ಕ ಇಡುವುದರಲ್ಲಿ ಆದ ಎಡವಟ್ಟುಗಳು

ಮೊದಲ ಹದಿನೈದು ದಿನ ಅಮ್ಮನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದರು. ಅದು ಪ್ರಯೋಜನಕ್ಕೆ ಬರಲಿಲ್ಲ. ಜೀಪು ಬಂದ ಮೇಲೆ, "ಆಗಲೇ ಹೋಗಿ ಕೂತಿತ್ತು" ಎಂದು ಬರೆದದ್ದೇ ಹೆಚ್ಚು. ಹೋಗಿ ಕೂತು, ಯಾರೂ ಬಾರದೆ ಎದ್ದು ಬಂದದ್ದು ಒಂದೂ ಇಲ್ಲ. ಹಾಗಾಗಿ ಪುಸ್ತಕ ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಹೋಯಿತು. ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ಬರೆದು ಪಳಗಿದ ಕೈ. ಬಂದ ಆಳಿನಷ್ಟೇ ಬಾರದ ಆಳನ್ನೂ ಗುರುತು ಹಾಕುವುದು ಅವರಿಗೆ ಅಭ್ಯಾಸ.

ಕರಿಮೆಣಸು ಕಳುವಾದ ಮೇಲೆ ಕಣಕ್ಕೆ ಮುಖ ಮಾಡಿ ಹಾಕಿಸಿದ್ದ ಕ್ಯಾಮೆರಾದಲ್ಲಿ ಗೇಟೂ ಕಾಣುತ್ತಿತ್ತು, ಧ್ವನಿಯೂ ದಾಖಲಾಗುತ್ತಿತ್ತು. ಮೊದಲ ವಾರದ ದೃಶ್ಯ ನೋಡಿದಾಗ ಎಲ್ಲರೂ ಬೆರಗಾದರು: ಜೀಪು ಬರುವ 13 ನಿಮಿಷ ಮೊದಲೇ ಜೂಲಿ ಗೇಟಿನಲ್ಲಿ! ಆ ಹೊತ್ತಿಗೆ ಜೀಪು ಇನ್ನೂ ಡಾಂಬರು ರಸ್ತೆಯಲ್ಲಿರಬೇಕು. ಆಮೇಲೆ ರೈಟರ್ ಮೊಬೈಲಿನ ಗಡಿಯಾರವನ್ನು ಕ್ಯಾಮೆರಾಕ್ಕೆ ಹಿಡಿದು ನೋಡಿದರೆ ಕ್ಯಾಮೆರಾ 7 ನಿಮಿಷ ಹಿಂದಿತ್ತು. ನಾಯಿ ಹೋದದ್ದನ್ನು ಕ್ಯಾಮೆರಾದಿಂದ, ಜೀಪು ಬಂದದ್ದನ್ನು ಗೋಡೆ ಗಡಿಯಾರದಿಂದ ಬರೆದುಕೊಂಡಿದ್ದರು. ಹದಿಮೂರರಲ್ಲಿ ಏಳು ಕಳೆದರೆ ಉಳಿಯುವುದು ಆರು. ಮನೆಯಲ್ಲಿ ಇಂಥ ಪರೀಕ್ಷೆ ಮಾಡುವವರು ಮೊದಲು ಮಾಡಬೇಕಾದ ಕೆಲಸ ಇದು: ಎಲ್ಲ ಗಡಿಯಾರ ಒಂದೇ ಮೊಬೈಲಿಗೆ ಹೊಂದಿಸಿ, ಕರೆಂಟು ಹೋಗಿ ಬಂದಾಗಲೆಲ್ಲ ಮತ್ತೆ ನೋಡುವುದು.

ಎರಡನೆಯದು, "ಗೇಟಿಗೆ ಹೋಯಿತು" ಎಂದರೇನು ಎಂಬುದನ್ನು ಮೊದಲೇ ಬರೆದಿಡುವುದು. ಇಲ್ಲಿ ಇಟ್ಟುಕೊಂಡ ಅಳತೆ: ನಾಲ್ಕೂ ಕಾಲು ಜಗುಲಿಯ ಮೆಟ್ಟಿಲು ಇಳಿದಿರಬೇಕು, ಗೇಟಿನ ಮೂರು ಮೀಟರ್ ಒಳಗೆ ಎರಡು ನಿಮಿಷ ಬಿಡದೆ ಇರಬೇಕು. ಇದು ಕೂದಲು ಸೀಳುವ ಮಾತಲ್ಲ. ಇಂಗ್ಲೆಂಡಿನ ರಾಮ್ಸ್‌ಬಾಟಮ್ ಎಂಬ ಊರಿನ ಜೇಟೀ ಎಂಬ ನಾಯಿಯ ಮೇಲಿನ ಹೆಸರಾಂತ ಜಗಳ ಹುಟ್ಟಿದ್ದೇ ಇಲ್ಲಿ. ಇಂಥ ನಾಯಿಗಳ ಬಗ್ಗೆ ಬರೆದ ಜೀವವಿಜ್ಞಾನಿ ರೂಪರ್ಟ್ ಶೆಲ್ಡ್ರೇಕ್, ಒಡತಿ ಮನೆಗೆ ಹೊರಟ ಮೇಲೆ ನಾಯಿ ಕಿಟಕಿಯ ಬಳಿ ಹೆಚ್ಚು ಹೊತ್ತು ಇರುತ್ತದೆ ಎಂದರು. ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಇಬ್ಬರು ಸಂಗಡಿಗರು ಅದೇ ನಾಯಿಯ ಮೇಲೆ ನಾಲ್ಕು ಪ್ರಯೋಗ ನಡೆಸಿ, ಮೊದಲೇ ಗೊತ್ತುಮಾಡಿದ ಗುರುತಿಗೆ ನಾಯಿಯ ನಡೆ ಹೊಂದಲಿಲ್ಲ ಎಂದು 1998ರಲ್ಲಿ ಪ್ರಕಟಿಸಿದರು. ಒಬ್ಬರು ಅಳೆದದ್ದು ಒಟ್ಟು ಹೊತ್ತು, ಇನ್ನೊಬ್ಬರು ಅಳೆದದ್ದು ನಾಯಿ ಮೊದಲ ಸಲ ಗುರುತು ಕೊಟ್ಟ ಗಳಿಗೆ. ಒಡೆಯರು ಹೋಗಿ ಹೊತ್ತಾದಷ್ಟೂ ನಾಯಿ ಪದೇ ಪದೇ ಬಾಗಿಲಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ, ಬರುವ ಹೊತ್ತಿಗೆ ಅದು ಅಲ್ಲಿ ಹೆಚ್ಚಾಗಿ ಕಾಣುವುದು ಸಹಜವೇ. ಅಳತೆ ಮೊದಲೇ ಕಟ್ಟದಿದ್ದರೆ ನೋಡುವವರು ತಮಗೆ ಬೇಕಾದುದನ್ನು ನೋಡಿಬಿಡುತ್ತಾರೆ.

ಒಂದು ರಿಂಗು

ತಿರುವು ಸಿಕ್ಕಿದ್ದು ಎರಡನೇ ವಾರದ ದೃಶ್ಯವನ್ನು ಧ್ವನಿ ಹಾಕಿ ನೋಡಿದಾಗ. ಅಲ್ಲಿಯವರೆಗೆ ಯಾರೂ ಧ್ವನಿ ಹಾಕಿರಲಿಲ್ಲ.

ಜೂಲಿ ಜಗುಲಿಯ ಮೂಲೆಯಲ್ಲಿ ಮುದುರಿ ಮಲಗಿದೆ. ಕಿಟಕಿಯ ದಂಡೆಯ ಮೇಲಿರುವ ಕೀಪ್ಯಾಡ್ ಫೋನು (ಆ ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ) ಒಂದು ಸಲ ರಿಂಗಾಗಿ ನಿಲ್ಲುತ್ತದೆ. ಒಳಗಿನಿಂದ ಅಮ್ಮನ ಧ್ವನಿ: "ಹೊರಟ್ರು." ಕುರ್ಚಿ ಸರಿದ ಸದ್ದು, ಬೆಲ್ಲದ ಕಾಫಿಗೆ ನೀರಿಡುವ ಪಾತ್ರೆಯ ಸದ್ದು. ಜೂಲಿ ತಲೆ ಎತ್ತುತ್ತದೆ, ಮೈ ಮುರಿಯುತ್ತದೆ, ಮೆಟ್ಟಿಲು ಇಳಿಯುತ್ತದೆ.

ಪೇಟೆ ಬಿಡುವಾಗ ಮಿಸ್ಡ್ ಕಾಲ್ ಕೊಡುವುದು ಯಜಮಾನರ ವರ್ಷಗಳ ರೂಢಿ. ಅಮ್ಮ ಇದನ್ನು ಮುಚ್ಚಿಟ್ಟಿದ್ದರೆಂದಲ್ಲ. ಅವರಿಗೆ ಅದು ಹೇಳಬೇಕಾದ ವಿಷಯ ಅನಿಸಿರಲೇ ಇಲ್ಲ. ಫೋನು ಬಂದದ್ದು ನನಗೆ, ನಾಯಿಗೆ ಗೊತ್ತಾದದ್ದು ಅದಕ್ಕೇ ಎಂದು ಅವರ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಇದ್ದವು. "ಫೋನು ಬಾರದ ದಿನವೂ ಹೋಗುತ್ತಲ್ಲ?" ಎಂದರು. ಹೋಗುತ್ತಿತ್ತು, ನಿಜ. ಆದರೆ ರೈಟರ್ ಪುಸ್ತಕವನ್ನು ಎರಡು ಭಾಗ ಮಾಡಿದಾಗ ಚಿತ್ರ ಬಿಡಿಸಿಕೊಂಡಿತು: ಮಿಸ್ಡ್ ಕಾಲ್ ಬಂದ ದಿನ ಜೀಪಿಗಿಂತ 25 ನಿಮಿಷದ ಆಸುಪಾಸು ಮೊದಲು, ಬಾರದ ದಿನ 6 ನಿಮಿಷದ ಆಸುಪಾಸು. ಮನೆಯವರ ನೆನಪಿನಲ್ಲಿ ಉಳಿದದ್ದು ಇಪ್ಪತ್ತೈದು.

ರಿಂಗಿಗೆ ಎದ್ದದ್ದೋ, ಅಮ್ಮನಿಗೆ ಎದ್ದದ್ದೋ? ಮೂರು ಬಗೆಯಲ್ಲಿ ನೋಡಲಾಯಿತು, ಒಂದೊಂದು ಎರಡು ಸಲ. ಯಜಮಾನರು ಪೇಟೆಯಲ್ಲೇ ಉಳಿದು ಮಿಸ್ಡ್ ಕಾಲ್ ಕೊಟ್ಟರು, ಅಮ್ಮ ಎಂದಿನಂತೆ ಎದ್ದರು: ಜೂಲಿ ಒಂದು ನಿಮಿಷದೊಳಗೆ ಗೇಟಿಗೆ. ಅಮ್ಮ ಪಕ್ಕದ ಮನೆಗೆ ಹೋಗಿದ್ದಾಗ ಫೋನು ಒಂಟಿಯಾಗಿ ರಿಂಗಾಯಿತು: ಕಿವಿ ನಿಮಿರಿತು, ಮತ್ತೆ ಮಲಗಿತು. ಫೋನೇ ಇಲ್ಲದೆ, ರೈಟರ್ ಕೈಸನ್ನೆ ಮಾಡಿದಾಗ ಅಮ್ಮ ಎದ್ದು "ಹೊರಟ್ರು" ಎಂದು ಪಾತ್ರೆ ಇಟ್ಟರು: ಗೇಟಿಗೆ ಹೋಯಿತು. ಎರಡಕ್ಕಿಂತ ಹೆಚ್ಚು ಸಲ ಹೀಗೆ ಮಾಡಬಾರದು. ಸುಳ್ಳು ಸೂಚನೆ ಪದೇ ಪದೇ ಕೊಟ್ಟರೆ ಅದಕ್ಕೆ ಅರ್ಥವಿಲ್ಲ ಎಂದು ನಾಯಿ ಕಲಿತುಬಿಡುತ್ತದೆ, ಅಲ್ಲಿಗೆ ಪರೀಕ್ಷೆಯೂ ಮುಗಿಯುತ್ತದೆ.

ಬರ್ಲಿನ್ನಿನಲ್ಲಿ ಗೊರಸು ಬಡಿದು ಲೆಕ್ಕ ಹೇಳುತ್ತಿದ್ದ ಹಾನ್ಸ್ ಎಂಬ ಕುದುರೆಯನ್ನು ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿ 1907ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಪ್ರಶ್ನೆ ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ. ಅದು ಓದುತ್ತಿದ್ದದ್ದು ಮನುಷ್ಯರ ತಲೆ, ಮೈ ಸಣ್ಣಗೆ ಅಲುಗುವುದನ್ನು.

ಅಕ್ಟೋಬರಿನ ಸಂಜೆಯ ಗುಟ್ಟೂ ಇಲ್ಲೇ ಇತ್ತು. ಅಂದು 5:10ಕ್ಕೆ ಮಿಸ್ಡ್ ಕಾಲ್ ಬಂದಿತ್ತು, ಫೋನಿನಲ್ಲಿ ಅದರ ಗುರುತು ಇನ್ನೂ ಅಳಿಸಿರಲಿಲ್ಲ. ಅಮ್ಮ ಎದ್ದರು, ನಾಯಿ ಎದ್ದಿತು. ನಾಯಿಯನ್ನು ಕಂಡು ಅಮ್ಮ ಧೈರ್ಯ ತಂದುಕೊಂಡರು, ಅಮ್ಮ ಮತ್ತೆ ಮತ್ತೆ ಬಾಗಿಲಿಗೆ ಬಂದು ನೋಡುವುದನ್ನು ಕಂಡು ನಾಯಿ ಅಲ್ಲೇ ಕೂತಿತು. ಎರಡು ಸಾಕ್ಷಿ ಎಂದುಕೊಂಡದ್ದು ಒಂದೇ ಸಾಕ್ಷಿ, ಒಂದೇ ರಿಂಗು. ಆ ರಿಂಗು ಹೇಳಿದ್ದೂ ಹೊರಟರೆಂದು ಮಾತ್ರ.

ಚೀಟಿ, ಜೀಪು, ಆಟೊ

ಮಿಸ್ಡ್ ಕಾಲ್ ತೆಗೆದರೆ ಉಳಿಯುವುದೇನು ಎಂದು ನೋಡಲು ಡಿಸೆಂಬರ್, ಜನವರಿಯಲ್ಲಿ ಹತ್ತು ದಿನ ಆರಿಸಿಕೊಂಡರು. ಯಜಮಾನರು ಎಷ್ಟು ಹೊತ್ತಿಗೆ, ಯಾವುದರಲ್ಲಿ ಹೊರಡಬೇಕೆಂದು ಚೀಟಿಯೇ ಹೇಳಬೇಕು: ಮಧ್ಯಾಹ್ನ 2:30ರಿಂದ 6:30ರವರೆಗೆ ಅರ್ಧರ್ಧ ಗಂಟೆಯ ಒಂಬತ್ತು ಚೀಟಿ ಒಂದು ಡಬ್ಬಿಯಲ್ಲಿ. ಐದು ಜೀಪು, ಐದು ಆಟೊ ಎಂದು ಬರೆದ ಹತ್ತು ಚೀಟಿ ಇನ್ನೊಂದರಲ್ಲಿ. ಡಬ್ಬಿಗಳು ಪೇಟೆಯಲ್ಲಿ, ಮನೆಯವರ ಪರಿಚಯವಿಲ್ಲದ ಒಬ್ಬರ ಬಳಿ. ಹೊರಡುವ ಹೊತ್ತಾದಾಗಷ್ಟೇ ಅವರು ಯಜಮಾನರಿಗೆ ತಿಳಿಸುತ್ತಿದ್ದರು. ಬೆಳಿಗ್ಗೆಯೇ ಹೇಳಿದರೆ ಯಜಮಾನರು ಮನೆಯಿಂದ ಹೊರಡುವ ಧಾಟಿಯಲ್ಲೇ ಸುಳಿವು ಸಿಗಬಹುದು. ಫೋನು ಬಂದ್.

ಜೀಪಿನ ಐದು ದಿನದಲ್ಲಿ ನಾಲ್ಕು ದಿನ ಜೂಲಿ 5ರಿಂದ 7 ನಿಮಿಷ ಮೊದಲು ಎದ್ದಿತು. ಆ ಹೊತ್ತಿಗೆ ಜೀಪು ಎಲ್ಲಿತ್ತು? ಏರಿನಲ್ಲಿ, ಫಸ್ಟ್ ಗೇರಿನಲ್ಲಿ. ಅಲ್ಲಿಂದ ಜೀಪಿಗೆ 1.4 ಕಿ.ಮೀ. ದಾರಿ, ಸದ್ದಿಗೆ ಗದ್ದೆಯ ಮೇಲೆ ನೇರ 500 ಮೀಟರ್. ಐದನೇ ದಿನ ಕಣದ ಪಕ್ಕ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಓಡುತ್ತಿತ್ತು, ಜೀಪು ಗೇಟಿಗೆ ಬರುವವರೆಗೂ ನಾಯಿ ಅಲುಗಲಿಲ್ಲ.

ನಾಯಿಯ ಕಿವಿ ಸುಮಾರು 67 ಹರ್ಟ್ಸ್‌ನಿಂದ 45,000 ಹರ್ಟ್ಸ್‌ವರೆಗೆ ಕೇಳುತ್ತದೆ, ನಮ್ಮದು ಇಪ್ಪತ್ತು ಸಾವಿರಕ್ಕೆ ನಿಲ್ಲುತ್ತದೆ. ಡೀಸೆಲ್ ಎಂಜಿನ್ನಿನ ಗುಡುಗು ಕೆಳ ಸ್ಥಾಯಿಯದು, ಅಲ್ಲಿ ನಾಯಿಗೆ ನಮಗಿಂತ ಹೆಚ್ಚಿನ ಅನುಕೂಲವೇನಿಲ್ಲ. ಅದು ಗೆಲ್ಲುವುದು ಕೀರಲು ಸದ್ದಿನಲ್ಲಿ. ಈ ಜೀಪಿನ ಹಿಂಬಾಗಿಲ ಕೊಂಡಿಗೆ ಒಂದು ಸಡಿಲ ಸರಪಳಿ ಇತ್ತು, ಏರಿನ ಕುಲುಕಿಗೆ ಕಿಣಿಕಿಣಿ ಅನ್ನುತ್ತಿತ್ತು. ಅದಕ್ಕೆ ಗೋಣಿ ಸುತ್ತಿ ಎರಡು ದಿನ ಓಡಿಸಿದರೆ ಜೂಲಿ ಏಳುವುದು ತಡವಾಯಿತು: ಜೀಪು ಮೋರಿಗೆ ಬಂದಾಗ, ಎರಡು ನಿಮಿಷ ಕೂಡ ಮೊದಲಲ್ಲ.

ಮಳೆಗಾಲದಲ್ಲಿ ಜೂಲಿ "ಹೇಳುವುದಿಲ್ಲ" ಎಂಬುದನ್ನು ಮಳೆಯಲ್ಲಿ ತೋಯಲು ಅದಕ್ಕೆ ಸೋಮಾರಿತನ ಎಂದು ಅಮ್ಮ ಅಂದುಕೊಂಡಿದ್ದರು. ಹಂಚಿನ ಮೇಲೆ ಜಡಿಮಳೆ ಬಡಿಯುವಾಗ ಅರ್ಧ ಕಿ.ಮೀ. ಆಚೆಯ ಸರಪಳಿ ಯಾವ ಕಿವಿಗೂ ಬೀಳದು. ಚಳಿಗಾಲದ ಸಂಜೆ ಇದಕ್ಕೆ ತಿರುವುಮುರುವು: ಗದ್ದೆಯ ಮೇಲೆ ತಣ್ಣನೆ ಗಾಳಿ ಕೂತಿರುತ್ತದೆ, ಮೇಲಿನದು ಅದಕ್ಕಿಂತ ಬೆಚ್ಚಗೆ. ಆಗ ಸದ್ದು ಮೇಲಕ್ಕೆ ಚದುರದೆ ಕೆಳಕ್ಕೆ ಬಾಗಿ ಬಯಲುದ್ದಕ್ಕೂ ಸಾಗುತ್ತದೆ.

ಅಮ್ಮನಿಗೆ ಹೆಚ್ಚು ನೋವಾದದ್ದು ಇನ್ನೊಂದು ಪರೀಕ್ಷೆ. ಯಜಮಾನರು ಪೇಟೆಯಲ್ಲೇ ಉಳಿದು ಮೇಸ್ತ್ರಿ ಒಬ್ಬರೇ ಜೀಪು ತಂದರು, ಎರಡು ದಿನ. ಎರಡೂ ದಿನ ಜೂಲಿ ಎಂದಿನಂತೆ ಆರು ನಿಮಿಷ ಮೊದಲು ಗೇಟಿಗೆ ಬಂದು ಬಾಲ ಆಡಿಸುತ್ತಾ ನಿಂತಿತು. ಬಾಗಿಲು ತೆರೆದು ಮೇಸ್ತ್ರಿ ಇಳಿದಾಗ ಬಾಲ ನಿಂತಿತು. ಡ್ರೈವರ್ ಸೀಟಿನ ಮೇಲೆ ಮುಂಗಾಲಿಟ್ಟು ಮೂಸಿತು, ಜೀಪಿನ ಸುತ್ತ ಒಂದು ಸುತ್ತು ಬಂದು ದಾರಿ ನೋಡುತ್ತಾ ಕೂತಿತು. ಮೇಸ್ತ್ರಿ, "ಸಾವ್ಕಾರ್ರು ಬಂದಿಲ್ಲ ಕಣೇ" ಎಂದರು.

ಆಟೊದ ದಿನ ಏರಿನಲ್ಲೂ ಮೋರಿಯಲ್ಲೂ ಅದು ಏಳಲಿಲ್ಲ. ಒಂದು ದಿನವಂತೂ ಆಟೊ ಗೇಟಿಗೆ ಬರುತ್ತಿದ್ದಂತೆ ಕಳ್ಳರಿಗೆ ಬೊಗಳುವ ಹಾಗೆ ಬೊಗಳಿತು. ಗಾಳಿ ಮನೆಯತ್ತ ಬೀಸುತ್ತಿತ್ತು. ನಲವತ್ತು ಮೀಟರ್ ಇರುವಾಗ ಬೊಗಳು ನಡುವೆಯೇ ತುಂಡಾಯಿತು, ಮೂಗು ಮೇಲಾಯಿತು, ಬಾಲ ಮೊದಲು ಸಣ್ಣಗೆ, ಆಮೇಲೆ ಇಡೀ ಮೈಯೇ ಆಡಿತು. ಯಜಮಾನರು ಇನ್ನೂ ಇಳಿದಿರಲಿಲ್ಲ, ಮಾತೂ ಆಡಿರಲಿಲ್ಲ.

ಉಳಿದ ದಿನಗಳು

ಮನೆಯವರು ಹೇಳುತ್ತಿದ್ದದ್ದು ಪೇಟೆ ಬಿಟ್ಟ ಗಳಿಗೆಯ ಮಾತು. ಆದ್ದರಿಂದ ಹತ್ತೂ ದಿನ ಆ ಗಳಿಗೆಯಲ್ಲಿ ಜೂಲಿ ಎಲ್ಲಿತ್ತು ಎಂದು ನೋಡಿದರು. ಮೂರು ದಿನ ಗೇಟಿನಲ್ಲಿತ್ತು. ಅದರಲ್ಲಿ ಎರಡು ಆಟೊದ ದಿನ. "ಇದಕ್ಕೇನು ಹೇಳ್ತೀರಿ?" ಎಂದರು ಅಮ್ಮ. ನ್ಯಾಯವಾದ ಪ್ರಶ್ನೆ.

ರೈಟರ್ ಒಟ್ಟು ಲೆಕ್ಕ ತೆಗೆದರು. ಎರಡು ಗಂಟೆಯಿಂದ ಯಜಮಾನರು ಬರುವವರೆಗಿನ ಹೊತ್ತು ಹತ್ತು ದಿನಕ್ಕೆ 1,510 ನಿಮಿಷ, ಅದರಲ್ಲಿ ನಾಯಿ ಗೇಟಿನಲ್ಲಿದ್ದದ್ದು 380. ಅಂದರೆ ಸುಮಾರು ಕಾಲು ಪಾಲು. ಕಣ್ಣು ಮುಚ್ಚಿ ಯಾವ ಗಳಿಗೆ ಆರಿಸಿದರೂ ಹತ್ತರಲ್ಲಿ ಎರಡು ಮೂರು ಸಲ ಅದು ಅಲ್ಲೇ ಸಿಗುತ್ತದೆ. ಮೂರು ಅಥವಾ ಅದಕ್ಕೂ ಹೆಚ್ಚು ದಿನ ಸಿಗುವ ಸಾಧ್ಯತೆ ನೂರಕ್ಕೆ 47, ನಾಣ್ಯ ಚಿಮ್ಮಿದಷ್ಟೇ. ಆಟೊದ ಒಂದು ದಿನ ಆಗಿದ್ದೇನೆಂದು ಕ್ಯಾಮೆರಾ ತೋರಿಸಿತು: ನಾಲ್ಕು ಗಂಟೆ, ಕೊಯ್ಲಿನವರು ಹಣ್ಣಿನ ಮೂಟೆ ಹೊತ್ತು ಕಣಕ್ಕೆ ತೂಕಕ್ಕೆ ಬರುವ ಹೊತ್ತು, ಅವರ ಬುತ್ತಿಯಲ್ಲಿ ಉಳಿದದ್ದು ನಾಯಿಗೆ ಸಿಗುತ್ತದೆ. ಇನ್ನೊಂದು ದಿನಕ್ಕೆ ಕಾರಣ ಸಿಗಲಿಲ್ಲ. ಹತ್ತು ದಿನ ಸಣ್ಣ ಲೆಕ್ಕ; ಇನ್ನೂ ಐವತ್ತು ದಿನ ಮಾಡಬಹುದಿತ್ತು, ಕೊಯ್ಲಿನ ಕಾಲದಲ್ಲಿ ರೈಟರ್‌ಗೆ ಅಷ್ಟು ಬಿಡುವಿರಲಿಲ್ಲ.

ನಂಟೇ ಇಲ್ಲ ಎಂದು ಇದರಿಂದ ಹೊರಡುವುದಿಲ್ಲ. ನಾಯಿಯೂ ಒಡೆಯರೂ ಕಣ್ಣಲ್ಲಿ ಕಣ್ಣಿಟ್ಟು ನೋಡುವಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ, ನಂಟು ಬೆಸೆಯುವ ಹಾರ್ಮೋನು ಏರುವುದನ್ನು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ಮನುಷ್ಯರಿಗೆ ಒತ್ತಡವಾದಾಗ ಬೆವರು, ಉಸಿರಿನ ವಾಸನೆ ಬದಲಾಗುವುದನ್ನು ನಾಯಿಗಳು ಗುರುತಿಸುತ್ತವೆ ಎಂದು 2022ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಿಂದ ವರದಿಯಾಯಿತು. ಮೂಗಿನ ಒದ್ದೆ ತುದಿಯಿಂದ ಅವು ಮಂದ ಶಾಖವನ್ನೂ ಅರಿಯುತ್ತವೆ ಎಂದು 2020ರಲ್ಲಿ ಸ್ವೀಡನ್ ಮತ್ತು ಹಂಗೆರಿಯವರು ಕಂಡುಕೊಂಡರು. ಆರನೇ ಇಂದ್ರಿಯ ಎನ್ನಲೇಬೇಕೆಂದರೆ ಇದನ್ನು ಎನ್ನಬಹುದು, ಆದರೆ ಆ ಪ್ರಯೋಗದ ದೂರ 1.6 ಮೀಟರ್. ಸಕ್ಕರೆ ಇಳಿದದ್ದನ್ನು ಉಸಿರಿನಿಂದ ತಿಳಿಯಲು ನಾಯಿಗಳಿಗೆ ತರಬೇತಿ ಕೊಡುವುದೂ ಉಂಟು. ಅಂದು ಜೂಲಿ ಜೀಪಿನಲ್ಲೇ ಇದ್ದಿದ್ದರೆ ಬೇರೆ ಮಾತು. ಅದು ಮೈಲಿಗಟ್ಟಲೆ ದೂರದ ಗೇಟಿನಲ್ಲಿತ್ತು.

ಮನೆಯಲ್ಲಿ ಬದಲಾದದ್ದು

ಪಶುವೈದ್ಯರು ಷರತ್ತಿಗೆ ತಪ್ಪಲಿಲ್ಲ. ಜೂಲಿ ಸುಳ್ಳು ಹೇಳಿಲ್ಲ, ಅದಕ್ಕೆ ಗೊತ್ತಿದ್ದಷ್ಟನ್ನೇ ಹೇಳಿದೆ ಎಂದು ಬರೆದುಕೊಟ್ಟರು. ಬದಲಾದದ್ದು ಮನುಷ್ಯರ ಕ್ರಮ. ಮಿಸ್ಡ್ ಕಾಲ್ ಬಂದ ಹೊತ್ತನ್ನು ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. 45 ನಿಮಿಷ ದಾಟಿದರೆ, ನಾಯಿ ಎಲ್ಲೇ ಇರಲಿ, ಮೇಸ್ತ್ರಿಗೆ ಹೇಳಿ ಕಳಿಸುತ್ತಾರೆ. ಫೆಬ್ರವರಿಯಲ್ಲಿ ಒಮ್ಮೆ ಹಾಗೆ ಕಳಿಸಿದರು. ಟೈರು ಪಂಕ್ಚರ್ ಆಗಿತ್ತು, ಅಷ್ಟೆ. ಜೀಪಿನ ಡಬ್ಬಿಯಲ್ಲಿ ಗ್ಲೂಕೋಸ್ ಪುಡಿ, ನೀರು, ಬಿಸ್ಕೆಟ್ ಇರುತ್ತವೆ. ಮೈ ನಡುಗಿದರೆ 15 ಗ್ರಾಂ, ಅಂದರೆ ಮೂರು ಚಮಚ, ನೀರಿಗೆ ಕಲಸಿ ಕುಡಿಯುವುದು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು. ಊಟ ತಡವಾಗುವ ದಿನ ಮಾತ್ರೆ ಹೇಗೆ ಎಂಬುದನ್ನು ಯಜಮಾನರು ತಮ್ಮ ವೈದ್ಯರಲ್ಲಿ ಕೇಳಿ ಬರೆಸಿಕೊಂಡಿದ್ದಾರೆ.

ಕಾರಣ ಸಿಗದ ಆ ಒಂದು ಆಟೊದ ದಿನವನ್ನು ಅಮ್ಮ ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡಿ ಎಂದು ಯಾರೂ ಒತ್ತಾಯಿಸಿಲ್ಲ. ಬೇಸಿಗೆಯಲ್ಲಿ ಜೀಪು ವರ್ಕ್‌ಶಾಪಿಗೆ ಹೋಯಿತು. ಹಿಂಬಾಗಿಲ ಸರಪಳಿ ಬಿಗಿ ಮಾಡುತ್ತೇನೆ ಎಂದ ಮೆಕ್ಯಾನಿಕ್‌ಗೆ ಯಜಮಾನರು, ಅದೊಂದನ್ನು ಮುಟ್ಟಬೇಡ, ಅಮ್ಮ ಹೇಳಿದ್ದಾರೆ ಎಂದರು.